ಹಳೇ ಕಾರು ಮಾರುವ ಅಂಗಡಿಗೆ ಅಧಿಕಾರ ಪತ್ರ: ಅಂಗಡಿ ಇಡುವವರೂ ಕಾರು ಒಪ್ಪಿಸುವವರೂ ತಿಳಿದಿರಬೇಕಾದದ್ದು



ಕಳೆದ ಮಾಸಿಕ ಸಭೆ ಮುಗಿದು ಕಾಫಿ ಕುಡಿಯುತ್ತಿದ್ದಾಗ ಗೂಡಲೂರಿನಿಂದ ಬಂದಿದ್ದ ಯುವ ಸದಸ್ಯರೊಬ್ಬರು ಕೇಳಿದರು: "ಸರ್, ಹಳೇ ಕಾರು ಕೊಂಡು ಮಾರುವ ಅಂಗಡಿ ಇಡೋಣ ಅಂತಿದ್ದೇನೆ. ಪುರಸಭೆಯ ಲೈಸೆನ್ಸ್ ಒಂದಿದ್ದರೆ ಸಾಕಲ್ಲವೇ?" ಅದೇ ಮೇಜಿನಲ್ಲಿ ಕುಳಿತಿದ್ದ ಲವ್‌ಡೇಲಿನ ಹಿರಿಯ ಸದಸ್ಯೆಯೊಬ್ಬರು ತಮ್ಮ ಪ್ರಶ್ನೆಯನ್ನೂ ಮುಂದಿಟ್ಟರು: "ಯಜಮಾನರಿಗೆ ಈಗ ಓಡಿಸಲು ಆಗುವುದಿಲ್ಲ, ಕಾರು ಕೊಟ್ಟುಬಿಡಬೇಕು. ಫಾರಂಗೆ ಸಹಿ ಹಾಕಿಕೊಟ್ಟರೆ ಮಿಕ್ಕಿದ್ದನ್ನು ಅಂಗಡಿಯವರೇ ನೋಡಿಕೊಳ್ಳುತ್ತಾರಂತೆ, ಹೌದೇ?"

ಮೊದಲನೆಯ ಪ್ರಶ್ನೆಗೆ ಉತ್ತರ: ಸಾಲದು. ಎರಡನೆಯದಕ್ಕೆ ಉತ್ತರ: ಹಾಗೆ ನಂಬಿ ಸಹಿ ಹಾಕಬೇಡಿ. ಎರಡಕ್ಕೂ ಕಾರಣ ಒಂದೇ ನಿಯಮದಲ್ಲಿದೆ. ಹೊಸೂರು, ತಾಳವಾಡಿ, ಕಾಸರಗೋಡು, ಅಕ್ಕಲಕೋಟೆ, ಮಡಕಶಿರಾ ಕಡೆಯ ಸದಸ್ಯರಿಗೂ ಇದು ಬೇಕಾದ ವಿಷಯವಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ನಿಯಮ ಕೇಂದ್ರ ಸರ್ಕಾರದ್ದು, ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ.

ಮೊದಲು ನನ್ನದೇ ತಪ್ಪು

ಮೂವತ್ತಕ್ಕೂ ಹೆಚ್ಚು ವರ್ಷ ಗುಮಾಸ್ತನಾಗಿದ್ದೆ. ಕಚೇರಿಯಲ್ಲಿ ಒಂದು ಕಾಗದ ಕೈ ಬದಲಾದರೂ ಸ್ವೀಕೃತಿ ಬರೆಸಿಕೊಳ್ಳದೆ ಬಿಟ್ಟವನಲ್ಲ. ಆದರೆ ನಿವೃತ್ತಿಯ ಸಮಯದಲ್ಲಿ ನನ್ನ ಮಾರುತಿ 800 ಅನ್ನು ಒಬ್ಬ ಬ್ರೋಕರ್‌ಗೆ ಕೊಟ್ಟಾಗ ದುಡ್ಡು ಎಣಿಸಿಕೊಂಡು, ಫಾರಂ 29 ಮತ್ತು 30ಕ್ಕೆ ಖಾಲಿಯಾಗಿಯೇ ಸಹಿ ಹಾಕಿ, ಆರ್‌ಸಿ ಕೈಗಿತ್ತು ಮನೆಗೆ ಬಂದೆ. ಒಂದು ಚೀಟಿಯನ್ನೂ ಬರೆಸಿಕೊಳ್ಳಲಿಲ್ಲ. ಎರಡು ವರ್ಷದ ನಂತರ, ನಾನು ಕಾಲಿಟ್ಟೇ ಇಲ್ಲದ ಊರಿನಿಂದ ದಂಡದ ನೋಟಿಸ್ ಬಂತು. ಕಾರು ಆಗ ಯಾರ ಕೈಯಲ್ಲಿತ್ತೆಂದು ಬ್ರೋಕರ್‌ಗೂ ಗೊತ್ತಿರಲಿಲ್ಲ. ಆರ್‌ಸಿಯಲ್ಲಿ ಮಾತ್ರ ನನ್ನ ಹೆಸರೇ ಇತ್ತು. ದಂಡದಲ್ಲೇ ಮುಗಿಯಿತು, ಅದು ನನ್ನ ಅದೃಷ್ಟ.

ಅದೃಷ್ಟ ಎನ್ನಲು ಕಾರಣವಿದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 2(30) ಪ್ರಕಾರ, ಯಾರ ಹೆಸರಿನಲ್ಲಿ ವಾಹನ ನೋಂದಣಿಯಾಗಿದೆಯೋ ಅವರೇ ಮಾಲೀಕರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2007ರಲ್ಲಿ ಮಾರಿದ ಕಾರು ಒಂದರ ನಂತರ ಒಂದು ಕೈ ಬದಲಾಯಿಸಿ, 2009ರಲ್ಲಿ ಅಪಘಾತ ಮಾಡಿ ಒಂದು ಜೀವ ಹೋಯಿತು. ದಾಖಲೆಯಲ್ಲಿ ಹೆಸರು ಮಾತ್ರ ಬದಲಾಗಿರಲಿಲ್ಲ. ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ತೀರ್ಪು ಕೊಟ್ಟಿತು. ಪರಿಹಾರ ಕೇಳುವ ಕುಟುಂಬ ಒಬ್ಬರಿಂದ ಇನ್ನೊಬ್ಬರಿಗೆ ಹೋದ ಕಾರಿನ ಹಿಂದೆ ಅಲೆಯಬೇಕಾಗಿಲ್ಲ ಎಂಬುದು ಆ ತೀರ್ಪಿನ ಹುರುಳು. ನಮ್ಮ ಬೆಟ್ಟದ ಕೆಳಗಿನ ಕೊಯಮತ್ತೂರಿನ ಉಕ್ಕಡದಲ್ಲಿ 2022ರ ಅಕ್ಟೋಬರ್ 23ರಂದು ಸ್ಫೋಟವಾದ ಕಾರು ಕೂಡ ಹಲವು ಕೈ ದಾಟಿ ಬಂದದ್ದೆಂದು ತನಿಖೆಯಲ್ಲಿ ಹೊರಬಂತು. ಅಂಥ ಸಂದರ್ಭದಲ್ಲಿ ಪೊಲೀಸರು ಮೊದಲು ಬಾಗಿಲು ತಟ್ಟುವುದು ದಾಖಲೆಯಲ್ಲಿ ಹೆಸರಿರುವವರ ಮನೆಯದ್ದು.

ಕಾರು ಮಾಲೀಕರ ಮನೆ ಬಿಟ್ಟ ದಿನಕ್ಕೂ ಹೊಸಬರ ಹೆಸರಿಗೆ ಆರ್‌ಸಿ ಆಗುವ ದಿನಕ್ಕೂ ನಡುವೆ ಒಂದು ಅಂತರವಿರುತ್ತದೆ. ಆ ಅಂತರದಲ್ಲಿ ಕಾರಿನ ಹೊಣೆ ಯಾರದು? ಹಳೇ ಕಾರಿನ ಡೀಲರ್‌ಗೆ ಅಧಿಕಾರ ಪತ್ರ ಬೇಕೆಂದು ನಿಯಮ ಮಾಡಿರುವುದು ಈ ಪ್ರಶ್ನೆಗೆ ಉತ್ತರ ಇರಲೆಂದು.

ನಿಯಮ ಯಾವುದು?

ಕೇಂದ್ರ ಮೋಟಾರು ವಾಹನ ನಿಯಮಗಳು 1989ಕ್ಕೆ 2022ರ ಡಿಸೆಂಬರ್ 22ರ ಅಧಿಸೂಚನೆಯ ಮೂಲಕ ತಿದ್ದುಪಡಿ ತಂದು, 55ಎ ಯಿಂದ ಮುಂದಕ್ಕೆ ಹೊಸ ನಿಯಮಗಳನ್ನು ಸೇರಿಸಲಾಯಿತು. ಅವು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಈಗಾಗಲೇ ನೋಂದಣಿಯಾದ ವಾಹನಗಳ ವ್ಯಾಪಾರ ಮಾಡುವವರು ನೋಂದಣಿ ಪ್ರಾಧಿಕಾರದಿಂದ, ಅಂದರೆ ನಮ್ಮ ಮಾತಿನಲ್ಲಿ ಆರ್‌ಟಿಒ ಕಚೇರಿಯಿಂದ, ಅಧಿಕಾರ ಪತ್ರ ಪಡೆದಿರಬೇಕು. ಅರ್ಜಿ ಫಾರಂ 29ಎ. ಮಂಜೂರಾದ ಪತ್ರ ಫಾರಂ 29ಬಿ. ಅದರ ಅವಧಿ 5 ವರ್ಷ, ಆಮೇಲೆ ನವೀಕರಿಸಿಕೊಳ್ಳಬೇಕು.

ಮೂರು ಗೊಂದಲಗಳನ್ನು ಇಲ್ಲೇ ಬಗೆಹರಿಸಿಬಿಡುತ್ತೇನೆ.

1. ಹೊಸ ಕಾರಿನ ಷೋರೂಂನವರ ಬಳಿ ಇರುವ ಟ್ರೇಡ್ ಸರ್ಟಿಫಿಕೇಟ್ ಬೇರೆ. ಅದು ಇನ್ನೂ ನೋಂದಣಿಯಾಗದ ವಾಹನಗಳಿಗೆ. ಹಳೇ ಕಾರಿಗೆ ಬೇಕಾದದ್ದು 29ಬಿ.

2. ಪುರಸಭೆ ಅಥವಾ ಪಂಚಾಯತಿಯ ವ್ಯಾಪಾರ ಲೈಸೆನ್ಸ್ ಜಾಗಕ್ಕೆ ಸಂಬಂಧಿಸಿದ್ದು. ಅದು ಬೇಕು, ಆದರೆ 29ಬಿಗೆ ಬದಲಿ ಅಲ್ಲ. ಜಿಎಸ್‌ಟಿ ನಂಬರ್ ಕೂಡ ಹಾಗೆಯೇ.

3. ಮನೆಯ ಕಾರನ್ನು ಪರಿಚಯದವರಿಗೆ ನೇರವಾಗಿ ಮಾರುವವರಿಗೆ ಯಾವ ಅಧಿಕಾರ ಪತ್ರವೂ ಬೇಡ. ಅವರು ಫಾರಂ 29, 30 ತುಂಬಿ ಹೆಸರು ಬದಲಾಯಿಸಿಕೊಟ್ಟರೆ ಸಾಕು.

ನಮ್ಮ ಜಿಲ್ಲೆಯಲ್ಲಿ "ಕಾರ್ ಕನ್ಸಲ್ಟಿಂಗ್" ಎಂದು ಬೋರ್ಡ್ ಹಾಕಿಕೊಂಡವರು, ಗಡಿಯಾಚೆ "ಬ್ರೋಕರ್" ಎನಿಸಿಕೊಂಡವರು, ಹೆಸರು ಏನೇ ಇರಲಿ, ಇತರರ ಕಾರು ತಂದು ನಿಲ್ಲಿಸಿಕೊಂಡು ಮಾರುವುದು ಕಸುಬಾದರೆ ಈ ನಿಯಮ ಅವರಿಗೆ ಅನ್ವಯಿಸುತ್ತದೆ.

ಅಂಗಡಿ ಇಡುವವರಿಗೆ: ಕ್ರಮವಾಗಿ ಮಾಡಬೇಕಾದದ್ದು

ಮೊದಲನೆಯದು ಜಾಗ. ಬಾಡಿಗೆ ಕರಾರು ಅಥವಾ ಸ್ವಂತ ಜಾಗದ ದಾಖಲೆ ನಿಮ್ಮ ಹೆಸರಿನಲ್ಲಿ ಅಥವಾ ಸಂಸ್ಥೆಯ ಹೆಸರಿನಲ್ಲಿ ಸರಿಯಾಗಿರಲಿ. ಲವ್‌ಡೇಲ್, ಕೇತಿ, ಊಟಿ ಸುತ್ತಮುತ್ತ ಒಂದೇ ರಸ್ತೆಯಲ್ಲಿ ಹೋಗುತ್ತಿದ್ದರೂ ಸ್ಥಳೀಯ ಸಂಸ್ಥೆ ಬದಲಾಗುತ್ತದೆ. ಆದ್ದರಿಂದ ಆಸ್ತಿ ತೆರಿಗೆ ರಸೀದಿ ಯಾವ ಕಚೇರಿಯದೆಂದು ನೋಡಿ ಅಲ್ಲಿಯೇ ವ್ಯಾಪಾರ ಲೈಸೆನ್ಸ್ ಕೇಳಿ. ಇನ್ನೊಂದು ಎಚ್ಚರಿಕೆ: ಹತ್ತು ಕಾರು ನಿಲ್ಲಿಸಲು ಸಮತಟ್ಟು ಜಾಗ ಬೇಕೆಂದು ಜೆಸಿಬಿ ತರಿಸಿ ಗುಡ್ಡ ಅಗೆಸಬೇಡಿ. ನೀಲಗಿರಿಯಲ್ಲಿ ಮಣ್ಣು ಅಗೆಯಲು ಜಿಲ್ಲಾಡಳಿತದ ಅನುಮತಿ ಬೇಕು. ಮಳೆಗಾಲದಲ್ಲಿ ಕುಸಿದರೆ ಕೆಳಗಿನ ಮನೆಯವರ ಗತಿಯನ್ನೂ ಯೋಚಿಸಬೇಕು.

ಎರಡನೆಯದು ಸಂಸ್ಥೆ. ಒಬ್ಬರೇ ಮಾಡುತ್ತೀರೋ, ಪಾಲುದಾರಿಕೆಯೋ ಮೊದಲೇ ತೀರ್ಮಾನಿಸಿ. ಪಾನ್ ಕಾರ್ಡ್, ಬ್ಯಾಂಕ್ ಖಾತೆ, ಬಾಡಿಗೆ ಕರಾರು, ವ್ಯಾಪಾರ ಲೈಸೆನ್ಸ್ ಎಲ್ಲದರಲ್ಲೂ ಹೆಸರು ಮತ್ತು ವಿಳಾಸ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಎಂಬ ಕಾರಣಕ್ಕೆ ಹಿಂದಿರುಗಿದ ಅರ್ಜಿಗಳನ್ನು ನನ್ನ ಸೇವಾವಧಿಯಲ್ಲಿ ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಮೂರನೆಯದು ಅರ್ಜಿ. ಅಂಗಡಿ ಯಾವ ನೋಂದಣಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೆ ಫಾರಂ 29ಎ ಸಲ್ಲಬೇಕು. ನಮ್ಮ ಜಿಲ್ಲೆಗೆ ಉದಕಮಂಡಲದ ಟಿಎನ್ 43 ಕಚೇರಿ. ಗೂಡಲೂರಿನಲ್ಲಿ ಟಿಎನ್ 43ಝಡ್ ಘಟಕ ಕಚೇರಿ ಇದೆ. ಪರಿವಾಹನ್ ಜಾಲತಾಣದ ವಾಹನ್ ವಿಭಾಗದಲ್ಲಿ ಅರ್ಜಿ ತುಂಬಿ, ಅಲ್ಲಿ ತೋರಿಸುವ ಶುಲ್ಕ ಕಟ್ಟಿ, ರಸೀದಿಯ ಎರಡು ನಕಲು ತೆಗೆದಿಟ್ಟುಕೊಳ್ಳಿ. ಅಧಿಕಾರ ಪತ್ರ ಬಂದ ಮೇಲೆ ಗಿರಾಕಿಗಳಿಗೆ ಕಾಣುವಂತೆ ಗೋಡೆಗೆ ಹಾಕಿ. ಅದೇ ನಿಮ್ಮ ಮೊದಲ ಜಾಹೀರಾತು.

ಕಾರು ಒಳಗೆ ಬರುವಾಗ: ಫಾರಂ 29ಸಿ

ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ಮಾಲೀಕರು ಕಾರನ್ನು ಡೀಲರ್‌ಗೆ ಒಪ್ಪಿಸಿದಾಗ ಅದನ್ನು ಫಾರಂ 29ಸಿ ಮೂಲಕ ಪೋರ್ಟಲ್‌ನಲ್ಲೇ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಹಾಗೆ ತಿಳಿಸಿದ ಮೇಲೆ ಡೀಲರ್ ಆ ಕಾರಿನ ಮಾಲೀಕನೆಂದು ಪರಿಗಣಿತನಾಗುತ್ತಾನೆ, ತನ್ನ ವಶದಲ್ಲಿರುವಾಗ ನಡೆಯುವುದಕ್ಕೆ ಅವನೇ ಹೊಣೆ. ಕಚೇರಿ ಭಾಷೆಯಲ್ಲಿ ಹೇಳುವುದಾದರೆ, ಚಾರ್ಜ್ ಹಸ್ತಾಂತರದ ಪತ್ರ ಇದು. ಅಧಿಕಾರ ಪತ್ರವಿಲ್ಲದ ಬ್ರೋಕರ್‌ಗೆ 29ಸಿ ಮಾಡಿಕೊಡಲು ದಾರಿಯೇ ಇಲ್ಲ. ಆದ್ದರಿಂದಲೇ "ನಾಳೆ ಮಾಡಿಸೋಣ ಬಿಡಿ" ಎನ್ನುವವರ ಕೈಗೆ ಕೀಲಿ ಕೊಡಬಾರದು.

ಡೀಲರ್ ಆದವರಿಗೆ ಈ ಹೊಣೆಯ ಜೊತೆ ಅನುಕೂಲವೂ ಇದೆ. ತನ್ನ ವಶದಲ್ಲಿರುವ ಕಾರಿಗೆ ಆರ್‌ಸಿ ನವೀಕರಣ, ಫಿಟ್‌ನೆಸ್ ನವೀಕರಣ, ನಕಲು ಆರ್‌ಸಿ, ಎನ್‌ಒಸಿ, ಮಾಲೀಕತ್ವ ವರ್ಗಾವಣೆ ಇವುಗಳಿಗೆ ಡೀಲರೇ ಅರ್ಜಿ ಹಾಕಬಹುದು. ಮೊದಲಿನ ಹಾಗೆ ಪ್ರತಿ ಸಹಿಗೂ ಹಳೇ ಮಾಲೀಕರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಖಾಲಿ ಫಾರಂಗೆ ಸಹಿ ಹಾಕಿಸಿಕೊಳ್ಳುವ ನೆಪವೂ ಉಳಿದಿಲ್ಲ.

ಕಾರು ತೆಗೆದುಕೊಳ್ಳುವ ಮೊದಲು ಡೀಲರ್ ನೋಡಬೇಕಾದ ಕಾಗದಗಳು:

ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ನಂಬರ್‌ಗಳನ್ನು ಕಾರಿನ ಮೇಲೆ ಕೆತ್ತಿರುವ ನಂಬರ್‌ಗಳೊಂದಿಗೆ ಖುದ್ದು ಹೋಲಿಸಿ. ಫೋಟೋ ನೋಡಿ ಒಪ್ಪಬೇಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವಾಹನ್ ಸಮನ್ವಯ್ ತಾಣದಲ್ಲಿ ಕಳವಿನ ಪಟ್ಟಿಯಲ್ಲಿದೆಯೇ ನೋಡಿ. ಬಾಕಿ ಇ-ಚಲನ್ ನೋಡಿ. ಸಾಲದ ಮೇಲೆ ಕೊಂಡ ಕಾರಾದರೆ, ಸಾಲ ತೀರಿದ ಪತ್ರವಷ್ಟೇ ಸಾಲದು, ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಬೇಕು. 15 ವರ್ಷ ಮುಗಿದ ಕಾರಾದರೆ ಆರ್‌ಸಿ ನವೀಕರಣವಾಗಿದೆಯೇ ನೋಡಿ. 2022ರ ಏಪ್ರಿಲ್‌ನಿಂದ ಆ ಶುಲ್ಕ ಕಾರಿಗೆ 5,000 ರೂಪಾಯಿ. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ. ಇದನ್ನು ಬೆಲೆ ಮಾತಾಡುವಾಗಲೇ ಲೆಕ್ಕ ಹಾಕಬೇಕು.

ಮಾಲೀಕರು ತೀರಿಕೊಂಡಿದ್ದರೆ ಮನೆಯವರ ಮಾತಿನ ಮೇಲೆ ಕಾರು ಕೊಳ್ಳಬೇಡಿ. ವಾರಸುದಾರರು ಸಾವಿನ ವಿಷಯವನ್ನು 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಫಾರಂ 31ರಲ್ಲಿ ತಮ್ಮ ಹೆಸರಿಗೆ ವರ್ಗಾವಣೆ ಕೇಳಬೇಕು. ಮಾರಾಟ ಆಮೇಲೆ.

ಕಾರು ವಶದಲ್ಲಿರುವಾಗ

ಡೀಲರ್ ವಶದಲ್ಲಿರುವ ಕಾರು ಅವರ ಮನೆಯ ಕಾರಲ್ಲ. ಗಿರಾಕಿಗೆ ಓಡಿಸಿ ತೋರಿಸಲು, ರಿಪೇರಿ ಅಥವಾ ಪೇಂಟಿಂಗ್‌ಗೆ, ತಪಾಸಣೆಗೆ ಕೊಂಡೊಯ್ಯಲು ಮಾತ್ರ ರಸ್ತೆಗೆ ಇಳಿಸಬಹುದು. ಪ್ರತಿ ಸಲವೂ ಯಾವ ಕೆಲಸಕ್ಕೆ ಹೋಯಿತು, ಯಾರು ಓಡಿಸಿದರು, ಎಷ್ಟು ಹೊತ್ತಿಗೆ, ಎಷ್ಟು ಕಿಲೋಮೀಟರ್ ಎಂಬುದನ್ನು ವಿದ್ಯುನ್ಮಾನ ಟ್ರಿಪ್ ರಿಜಿಸ್ಟರ್‌ನಲ್ಲಿ ಬರೆದಿಡುವುದು ಕಡ್ಡಾಯ. ಸರ್ಕಾರಿ ಜೀಪಿನ ಲಾಗ್ ಪುಸ್ತಕ ನೋಡಿದವರಿಗೆ ಇದು ಹೊಸದಲ್ಲ. ಟೂರಿಸ್ಟ್ ಸೀಸನ್‌ನಲ್ಲಿ ಅಂಗಡಿಯಲ್ಲಿ ನಿಂತ ಕಾರನ್ನು ಬಾಡಿಗೆಗೆ ಬಿಟ್ಟು ನಾಲ್ಕು ಕಾಸು ಮಾಡಿಕೊಳ್ಳುವ ಆಸೆ ಯಾರಿಗಾದರೂ ಬಂದರೆ, ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ನೆನಪಿಸಿಕೊಳ್ಳಲಿ. ಅಲ್ಲಿ ಬ್ರೇಕ್ ಸೋತರೆ ಹೊಣೆ ಡೀಲರ್‌ದು. ನಿಯಮ ಮುರಿದರೆ ಅಧಿಕಾರ ಪತ್ರವನ್ನು ಅಮಾನತು ಅಥವಾ ರದ್ದು ಮಾಡುವ ಅಧಿಕಾರ ನೋಂದಣಿ ಪ್ರಾಧಿಕಾರಕ್ಕಿದೆ.

ವಿಮೆ ಜೀವಂತವಾಗಿರಲಿ. ಥರ್ಡ್ ಪಾರ್ಟಿ ವಿಮೆ ಇಲ್ಲದ ಕಾರನ್ನು ಗಿರಾಕಿಗೆ ತೋರಿಸಲೆಂದು ಪೇಟೆ ಸುತ್ತಿಸುವುದೂ ಅಪರಾಧ.

ಮಾರುವಾಗ, ಮುಖ್ಯವಾಗಿ ಗಡಿ ದಾಟಿಸುವಾಗ

ಒಂದೇ ರಾಜ್ಯದೊಳಗಿನ ಮಾರಾಟವಾದರೆ ಕಲಂ 50ರ ಪ್ರಕಾರ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕು. ರಾಜ್ಯದ ಹೊರಗೆ ನೋಂದಣಿಯಾದ ಕಾರಾದರೆ ಮಾರಿದವರಿಗೆ 45 ದಿನ, ಜೊತೆಗೆ ಮೂಲ ಕಚೇರಿಯ ಎನ್‌ಒಸಿ ಬೇಕು. ಎನ್‌ಒಸಿ ಅರ್ಜಿ ಫಾರಂ 28. ಕಚೇರಿ 30 ದಿನದೊಳಗೆ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು. ಎರಡೂ ಮಾಡದಿದ್ದರೆ ಎನ್‌ಒಸಿ ಕೊಟ್ಟಂತೆಯೇ ಎಂದು ಕಲಂ 48 ಹೇಳುತ್ತದೆ. ಅರ್ಜಿಯ ಸ್ವೀಕೃತಿ ಇಟ್ಟುಕೊಳ್ಳಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ: ಸ್ವೀಕೃತಿ ಇಲ್ಲದವರು 30 ದಿನವನ್ನು ಯಾವಾಗಿನಿಂದ ಎಣಿಸುವುದು?

ಗುಂಡ್ಲುಪೇಟೆ, ಮೈಸೂರು ಕಡೆಯ ಕೆಎ 10, ಕೆಎ 09 ಕಾರುಗಳು ಮಸಿನಗುಡಿ, ಗೂಡಲೂರಿಗೆ ಬರುವುದು, ಇಲ್ಲಿಯವು ಸುಲ್ತಾನ್ ಬತ್ತೇರಿಗೆ ಹೋಗುವುದು ದಿನನಿತ್ಯದ ಮಾತು. ಕಾಸರಗೋಡಿನವರಿಗೆ ಮಂಗಳೂರು, ಹೊಸೂರಿನವರಿಗೆ ಬೆಂಗಳೂರು ಇದ್ದ ಹಾಗೆ. ನಂಟರ ಊರು ಅರ್ಧ ಗಂಟೆಯ ದಾರಿ ಇರಬಹುದು, ಆದರೆ ಆರ್‌ಟಿಒ ಲೆಕ್ಕದಲ್ಲಿ ಅದು ಬೇರೆ ರಾಜ್ಯ. ಒಂದು ರಾಜ್ಯದ ಕಾರನ್ನು ಇನ್ನೊಂದರಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಕಲಂ 47ರಂತೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಮೊದಲು ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಭಾಗದ ಮರುಪಾವತಿಗೆ ಹಳೆಯ ರಾಜ್ಯದ ಕಚೇರಿಯಲ್ಲೇ ಅರ್ಜಿ ಹಾಕಬೇಕು.

ನೀಲಗಿರಿಯಲ್ಲಿ ಇದಕ್ಕೆ ಇನ್ನೊಂದು ತೂಕವಿದೆ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. 2025ರ ಬೇಸಿಗೆ ಸೀಸನ್‌ಗೆ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನ ಎಂಬ ಮಿತಿಯನ್ನೂ ಹಾಕಲಾಯಿತು. ಟಿಎನ್ 43 ವಾಹನಗಳಿಗೆ ಇ-ಪಾಸ್ ಬೇಡ. ಹಾಗಾಗಿ ಇಲ್ಲೇ ನೆಲೆಸಿರುವವರು ಅಗ್ಗವೆಂದು ಕೆಎ ನಂಬರಿನ ಕಾರು ಕೊಂಡರೆ, ಮೈಸೂರಿನ ಮದುವೆ ಮುಗಿಸಿ ತಮ್ಮ ಮನೆಗೆ ಮರಳುವಾಗಲೂ ಚೆಕ್‌ಪೋಸ್ಟ್‌ನಲ್ಲಿ ವಿವರಣೆ ಕೊಡಬೇಕಾದೀತು. ಡೀಲರ್ ಇದನ್ನು ಗಿರಾಕಿಗೆ ಮೊದಲೇ ಹೇಳುವುದು ಧರ್ಮ.

ವರ್ಗಾವಣೆ ಆದ ಮೇಲೆ ವಿಮೆಯನ್ನೂ ಕೊಂಡವರ ಹೆಸರಿಗೆ ಬದಲಾಯಿಸಲು 14 ದಿನದೊಳಗೆ ಕಂಪನಿಗೆ ಬರೆಯಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ಜಿಎಸ್‌ಟಿ ಮತ್ತು ನಗದು

ತಮಿಳುನಾಡು, ಕರ್ನಾಟಕಗಳಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಆದರೆ ಬೇರೆ ರಾಜ್ಯಕ್ಕೆ ಸರಕು ಕಳುಹಿಸಿ ಮಾರುವವರಿಗೆ ಈ ಮಿತಿಯ ರಕ್ಷಣೆ ಇಲ್ಲ, ಮೊದಲ ಮಾರಾಟಕ್ಕೇ ನೋಂದಣಿ ಬೇಕು. ಗಡಿ ಊರಿನ ಡೀಲರ್‌ಗಳು ಎಡವುವುದು ಇಲ್ಲಿಯೇ.

ತೆರಿಗೆ ಪೂರ್ತಿ ಬೆಲೆಯ ಮೇಲಲ್ಲ, ಮಾರಿದ ಬೆಲೆ ಮತ್ತು ಕೊಂಡ ಬೆಲೆಯ ವ್ಯತ್ಯಾಸದ ಮೇಲೆ. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ 55ನೇ ಜಿಎಸ್‌ಟಿ ಮಂಡಳಿ ಸಭೆಯ ಶಿಫಾರಸಿನಂತೆ ಎಲ್ಲ ಹಳೇ ಕಾರುಗಳಿಗೂ, ವಿದ್ಯುತ್ ಕಾರುಗಳೂ ಸೇರಿ, ದರ 18%. ಉದಾಹರಣೆಗೆ 3,00,000ಕ್ಕೆ ಕೊಂಡು 3,40,000ಕ್ಕೆ ಮಾರಿದರೆ 40,000ದ ಮೇಲೆ 7,200 ರೂಪಾಯಿ ತೆರಿಗೆ. ಪೇಂಟು, ಟಯರ್ ಎಂದು 15,000 ಖರ್ಚು ಮಾಡಿದ್ದರೂ ವ್ಯತ್ಯಾಸ 40,000 ಎಂದೇ ಲೆಕ್ಕ. ಈ ಖರ್ಚು ಕಳೆದರೆ ಕೈಯಲ್ಲಿ ಉಳಿಯುವುದು 17,800, ಅದರಲ್ಲಿ ಬಾಡಿಗೆಯೂ ಹೋಗಬೇಕು. ನಷ್ಟಕ್ಕೆ ಮಾರಿದರೆ ತೆರಿಗೆ ಇಲ್ಲ. ಕಾರು ಕೊಂಡಾಗಿನ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಂಡವರಿಗೆ ಈ ವ್ಯತ್ಯಾಸದ ಲೆಕ್ಕ ಸಿಗುವುದಿಲ್ಲ. ಒಂದು ವಹಿವಾಟಿನಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ಬ್ಯಾಂಕ್ ಮೂಲಕವೇ ನಡೆಯಲಿ.

ಕಾರು ಒಪ್ಪಿಸುವ ಹಿರಿಯರಿಗೆ: ಐದು ಮಾತು

1. ಅಂಗಡಿಯವರ 29ಬಿ ಪತ್ರ ಕೇಳಿ, ಅವಧಿ ಮುಗಿದಿಲ್ಲವೆಂದು ನೋಡಿ. ಕೇಳುವುದಕ್ಕೆ ಸಂಕೋಚ ಬೇಡ.

2. ಖಾಲಿ ಫಾರಂಗೆ ಸಹಿ ಹಾಕಬೇಡಿ. ಕೊಳ್ಳುವವರ ಹೆಸರು, ದಿನಾಂಕ ತುಂಬಿದ ಮೇಲೆಯೇ ಸಹಿ.

3. 29ಸಿ ಸಲ್ಲಿಸಿದ ಸ್ವೀಕೃತಿ ಕೈಗೆ ಬಂದ ಮೇಲೆ ಕೀಲಿ ಕೊಡಿ. ಕಾರು ಕೊಟ್ಟ ದಿನಾಂಕ, ಗಂಟೆ, ಕಿಲೋಮೀಟರ್ ಬರೆದು ಇಬ್ಬರೂ ಸಹಿ ಹಾಕಿ ಒಂದು ಪ್ರತಿ ಇಟ್ಟುಕೊಳ್ಳಿ.

4. ಫಾಸ್ಟ್ಯಾಗ್ ಮುಚ್ಚಿಸಿ. ಇಲ್ಲದಿದ್ದರೆ ಇನ್ನೊಬ್ಬರ ಪ್ರಯಾಣದ ಟೋಲ್ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

5. ತಿಂಗಳು ಕಳೆದ ಮೇಲೆ ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿ ನೋಡಿ. ನಿಮ್ಮ ಹೆಸರೇ ಕಾಣುತ್ತಿದ್ದರೆ ಅಂಗಡಿಯವರಿಗೆ ಲಿಖಿತವಾಗಿ ಕೇಳಿ, ಆರ್‌ಟಿಒಗೂ ಒಂದು ಪ್ರತಿ ಕಳುಹಿಸಿ. ಹೆಸರು ಬದಲಾಗುವವರೆಗೆ ಕಡತ ಮುಚ್ಚಬೇಡಿ.

ಗೂಡಲೂರಿನ ಯುವ ಸದಸ್ಯರಿಗೆ ಇದನ್ನೆಲ್ಲ ಹೇಳಿದಾಗ, "ಇಷ್ಟೊಂದು ಕಾಗದವೇ ಸರ್?" ಎಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಆ ಕಾಗದವನ್ನು ಗೋಡೆಗೆ ಹಾಕಿಕೊಂಡು ಕುಳಿತವರ ಅಂಗಡಿಗೆ ನಮ್ಮ ಹಿರಿಯರು ಧೈರ್ಯವಾಗಿ ಕಾರು ತಂದು ನಿಲ್ಲಿಸುತ್ತಾರೆ. ಈ ವ್ಯಾಪಾರಕ್ಕೆ ನಂಬಿಕೆಯೇ ಮುಖ್ಯ ಬಂಡವಾಳ.

ಮುಂದಿನ ಮಾಸಿಕ ಸಭೆಗೆ ಬರುವವರು ಆರ್‌ಸಿ, ವಿಮೆ ಪತ್ರಗಳ ನಕಲು ತಂದರೆ ಫಾರಂ ತುಂಬಲು ನಾನು ಜೊತೆಗೆ ಕುಳಿತುಕೊಳ್ಳುತ್ತೇನೆ. ಯಾವ ಶುಲ್ಕವೂ ಇಲ್ಲ. ಮೂಲ ಪತ್ರಗಳನ್ನು ಮನೆಯಲ್ಲೇ ಇಟ್ಟು ಬನ್ನಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಲವ್‌ಡೇಲ್